ಮನೆತನದ ಹಳೆಯ ಛಾಯಾಚಿತ್ರಗಳು ಮತ್ತು ಕೃತಿಸ್ವಾಮ್ಯ

ನಮ್ಮ ನಾಡಿನ ಹಳೆಯ ಮನೆಗಳ ಪಡಸಾಲೆಯಲ್ಲಿ, ಗೋಡೆಯ ಮೇಲ್ಭಾಗದಲ್ಲಿ ತುಸು ಮುಂದಕ್ಕೆ ಬಾಗಿದಂತೆ ತೂಗುಹಾಕಿದ ಭಾವಚಿತ್ರಗಳ ಸಾಲೊಂದು ಇರುವುದುಂಟು. ರುಮಾಲು ಸುತ್ತಿ ಕುರ್ಚಿಯಲ್ಲಿ ಕುಳಿತ ಹಿರಿಯರು, ಅವರ ಪಕ್ಕದಲ್ಲಿ ಸೆರಗು ಹೊದ್ದು ನಿಂತ ಗೃಹಿಣಿ, ಮುಂದೆ ನೆಲದ ಮೇಲೆ ಸಾಲಾಗಿ ಕುಳಿತ ಮಕ್ಕಳು. ಇವು ಬಹುಕಾಲ ಮನೆಯವರ ಸ್ಮರಣೆಯ ವಸ್ತುಗಳಾಗಿ ಮಾತ್ರ ಉಳಿದಿದ್ದವು. ಈಗ ಹಾಗಿಲ್ಲ. ಶಾಲೆಗಳ ಶತಮಾನೋತ್ಸವದ ಸ್ಮರಣಸಂಚಿಕೆ, ಮನೆತನದ ವಂಶಚರಿತ್ರೆ, ಅಭಿನಂದನ ಗ್ರಂಥ, ಊರಿನ ಇತಿಹಾಸ ಮುಂತಾದವುಗಳಿಗಾಗಿ ಸಂಪಾದಕರು ಮನೆಮನೆಗೂ ಹೋಗಿ ಚಿತ್ರಗಳನ್ನು ಕೇಳುತ್ತಾರೆ. ಗೋಡೆಯ ಮೇಲಿದ್ದಂತೆಯೇ ಮೊಬೈಲಿನಲ್ಲಿ ಪ್ರತಿಮಾಡಿಕೊಂಡು ಮುದ್ರಣಕ್ಕೆ ಕಳುಹಿಸುತ್ತಾರೆ. ಅಲ್ಲಿಂದ ಆ ಚಿತ್ರ ಎಲ್ಲೆಲ್ಲಿಗೋ ಹರಡಿ, ಯಾರದೋ ಗ್ರಂಥದ ರಕ್ಷಾಪುಟವಾಗಿ ಮನೆಯವರ ಕಣ್ಣಿಗೆ ಬೀಳುವುದೂ ಉಂಟು. ಇದಕ್ಕೆ ವಿರುದ್ಧವಾದ ಇನ್ನೊಂದು ಬಗೆಯೂ ಇದೆ. ‘ಕಾಯಿದೆಯ ತೊಡಕು ಬಂದೀತು’ ಎಂದು ಹೆದರಿ ಚಿತ್ರಗಳನ್ನು ಯಾರಿಗೂ ತೋರಿಸದೆ ಟ್ರಂಕಿನಲ್ಲಿಟ್ಟು ಗೆದ್ದಲಿಗೆ ಒಪ್ಪಿಸುವವರು ಅವರು. ಎರಡೂ ನಡೆಗಳಿಗೆ ಕಾರಣ ಒಂದೇ: ಇಂತಹ ಚಿತ್ರದ ಮೇಲೆ ಯಾರ ಹಕ್ಕು, ಎಷ್ಟು ಕಾಲ ಎಂಬುದರ ಅರಿವಿಲ್ಲದಿರುವುದು. ಆ ವಿಷಯವನ್ನು ಇಲ್ಲಿ ವಿಚಾರಿಸಲಾಗಿದೆ.

ಮೊದಲು ತಿಳಿಯತಕ್ಕ ಸಂಗತಿಯೆಂದರೆ, ಕಾಗದ ಬೇರೆ, ಹಕ್ಕು ಬೇರೆ. ಅಂಗಡಿಯಲ್ಲಿ ಗ್ರಂಥವೊಂದನ್ನು ಕೊಂಡವನು ಅದನ್ನು ಓದಬಹುದು, ಮಾರಬಹುದು, ದಾನಮಾಡಬಹುದು. ಆದರೆ ಅದನ್ನು ಪುನಃ ಮುದ್ರಿಸಿ ಹಂಚುವಂತಿಲ್ಲ. ಗ್ರಂಥದ ವಿಷಯದಲ್ಲಿ ಎಲ್ಲರೂ ಒಪ್ಪುವ ಈ ನಿಯಮವನ್ನು ಛಾಯಾಚಿತ್ರದ ವಿಷಯದಲ್ಲಿ ಮರೆಯುತ್ತೇವೆ. ಚಿತ್ರದ ಪ್ರತಿ ನಮ್ಮ ಮನೆಯಲ್ಲಿದೆ, ಅದರಲ್ಲಿರುವವರು ನಮ್ಮ ಅಜ್ಜ, ಆದುದರಿಂದ ಚಿತ್ರ ನಮ್ಮದು ಎಂಬ ತರ್ಕ ಸಹಜವಾಗಿ ತೋರುತ್ತದೆ. ಆದರೆ ಕಾಯಿದೆಯು ಚಿತ್ರದಲ್ಲಿರುವವರು ಯಾರೆಂದು ಕೇಳುವುದಿಲ್ಲ; ತೆಗೆದವರು ಯಾರು, ಯಾರ ಕೋರಿಕೆಯ ಮೇರೆಗೆ ತೆಗೆದರು, ಪ್ರತಿಫಲ ಕೊಟ್ಟವರು ಯಾರು, ಯಾವ ವರ್ಷ, ಪ್ರಕಟವಾಯಿತೇ ಇಲ್ಲವೇ ಎಂದು ಕೇಳುತ್ತದೆ. ನೆಗೆಟಿವಿನ ಸ್ಥಿತಿಯೂ ಇಂದಿನ ಕಾಯಿದೆಯಂತೆ ಕಾಗದದ ಸ್ಥಿತಿಯೇ. ಮುಚ್ಚಿಹೋದ ಸ್ಟುಡಿಯೋದ ಹಳೆಯ ನೆಗೆಟಿವುಗಳನ್ನು ತೂಕಕ್ಕೆ ಕೊಂಡವನಿಗೆ ಗಾಜು ದಕ್ಕಿತೇ ಹೊರತು ಅದರಲ್ಲಿನ ಚಿತ್ರದ ಸ್ವಾಮ್ಯ ದಕ್ಕಲಿಲ್ಲ.

‘ಮನೆಯ ಸಾಮಾನ್ಯ ಚಿತ್ರಕ್ಕೆ ಎಂತಹ ಸ್ವಾಮ್ಯ? ಅದೇನು ಕಲಾಕೃತಿಯೇ?’ ಎಂದು ಕೆಲವರು ಕೇಳಬಹುದು. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೨ನೆಯ ಕಲಂ ಛಾಯಾಚಿತ್ರವನ್ನು ಕಲಾಕೃತಿಗಳ ಸಾಲಿನಲ್ಲಿಯೇ ಸೇರಿಸಿದೆ. ಅದರಲ್ಲಿ ಕಲಾಗುಣ ಇರಲಿ ಇಲ್ಲದಿರಲಿ ಎಂದು ಸ್ಪಷ್ಟವಾಗಿ ಹೇಳಿದೆ. ಆದುದರಿಂದ ಮಸುಕಾದ, ತಲೆ ಕತ್ತರಿಸಿಹೋದ ಚಿತ್ರಕ್ಕೂ ಉತ್ತಮ ಛಾಯಾಗ್ರಾಹಕನ ಭಾವಚಿತ್ರಕ್ಕೂ ಕಾಯಿದೆಯ ದೃಷ್ಟಿಯಲ್ಲಿ ಭೇದವಿಲ್ಲ. ನೋಂದಣಿಯೂ ಅವಶ್ಯವಲ್ಲ. ಚಿತ್ರ ತೆಗೆದ ಕ್ಷಣದಲ್ಲಿಯೇ ಹಕ್ಕು ಹುಟ್ಟುತ್ತದೆ.

ಇನ್ನು ಅವಧಿಯ ಪ್ರಶ್ನೆ. ಇದನ್ನು ಬಿಡಿಸಲು ಕಾಯಿದೆಯ ಇತಿಹಾಸವನ್ನು ಸ್ವಲ್ಪ ನೋಡಬೇಕಾಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯಲ್ಲಿ ೧೮೪೭ರಲ್ಲಿಯೇ ಕೃತಿಸ್ವಾಮ್ಯದ ಕಾಯಿದೆಯೊಂದು ಬಂದಿತ್ತಾದರೂ ಅದು ಗ್ರಂಥಗಳನ್ನು ಲಕ್ಷಿಸಿದ್ದು. ಬ್ರಿಟನ್ನಿನಲ್ಲಿ ಛಾಯಾಚಿತ್ರಕ್ಕೆ ರಕ್ಷಣೆ ದೊರೆತುದು ೧೮೬೨ರಲ್ಲಿ. ನಮ್ಮ ಪ್ರಸಂಗಕ್ಕೆ ಮುಖ್ಯವಾದುದು ೧೯೧೧ರ ಬ್ರಿಟಿಷ್ ಕಾಯಿದೆ. ೧೯೧೪ರ ಇಂಡಿಯನ್ ಕಾಪಿರೈಟ್ ಆಕ್ಟಿನ ಮೂಲಕ ಅದು ಕೆಲವು ಮಾರ್ಪಾಡುಗಳೊಡನೆ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸಿತು. ಛಾಯಾಚಿತ್ರದ ವಿಷಯದಲ್ಲಿ ಆ ಕಾಯಿದೆಯ ನಿಯಮ ಸರಳವಾಗಿತ್ತು: ಮೂಲ ನೆಗೆಟಿವ್ ತಯಾರಾದಂದಿನಿಂದ ೫೦ ವರ್ಷ. ತೆಗೆದವನು ಬದುಕಿದ್ದಾನೆಯೇ, ಚಿತ್ರ ಪ್ರಕಟವಾಗಿದೆಯೇ ಎಂಬ ಪ್ರಶ್ನೆಗಳೇ ಇರಲಿಲ್ಲ. ನೆಗೆಟಿವ್ ತಯಾರಾದಾಗ ಅದರ ಒಡೆಯನಾಗಿದ್ದವನನ್ನೇ ಕೃತಿಕಾರನೆಂದು ಆ ಕಾಯಿದೆ ಭಾವಿಸುತ್ತಿತ್ತು. ಇಷ್ಟು ಸುಲಭವಾದ ಲೆಕ್ಕ ಮುಂದೆ ಎಂದೂ ಬರಲಿಲ್ಲವೆಂಬುದು ನನ್ನ ಅಭಿಪ್ರಾಯ.

ಇಲ್ಲಿ ಕರ್ನಾಟಕಕ್ಕೆ ಸಂಬಂಧಿಸಿದ ಒಂದು ಮಾತು ಅವಶ್ಯ. ಆ ಕಾಲದಲ್ಲಿ ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಪ್ರಾಂತದಲ್ಲಿಯೂ ಬಳ್ಳಾರಿ, ಮಂಗಳೂರುಗಳು ಮದರಾಸು ಪ್ರಾಂತದಲ್ಲಿಯೂ ಇದ್ದವು. ಇವೆಲ್ಲ ಬ್ರಿಟಿಷ್ ಇಂಡಿಯಾ. ಆದರೆ ಮೈಸೂರು ಸಂಸ್ಥಾನ, ನಿಜಾಮರ ಅಧೀನದ ರಾಯಚೂರು, ಗುಲಬರ್ಗಾ, ಬೀದರ, ಹಾಗೆಯೇ ಸಂಡೂರು, ಜಮಖಂಡಿಯಂತಹ ಸಣ್ಣ ಸಂಸ್ಥಾನಗಳು ಬ್ರಿಟಿಷ್ ಇಂಡಿಯಾದ ಭಾಗಗಳಲ್ಲ. ಒಂದೇ ಬೆಂಗಳೂರಿನಲ್ಲಿಯೂ ಪೇಟೆಯ ಆಡಳಿತ ಮಹಾರಾಜರದು, ದಂಡಿನ ಪ್ರದೇಶದ ಆಡಳಿತ ೧೯೪೭ರವರೆಗೆ ಬ್ರಿಟಿಷರದು. ಆದುದರಿಂದ ೧೯೩೦ರಲ್ಲಿ ಹುಬ್ಬಳ್ಳಿಯಲ್ಲಿ ತೆಗೆದ ಚಿತ್ರಕ್ಕೂ ಅದೇ ವರ್ಷ ತುಮಕೂರಿನಲ್ಲಿ ತೆಗೆದ ಚಿತ್ರಕ್ಕೂ ಹುಟ್ಟುವಾಗ ಒಂದೇ ಕಾಯಿದೆಯ ಆಶ್ರಯವಿದ್ದಿತೆಂದು ಹೇಳಲಾಗದು. ಆದರೂ ಸಂಸ್ಥಾನದ ಚಿತ್ರಕ್ಕೆ ಬ್ರಿಟಿಷ್ ಇಂಡಿಯಾದ ಚಿತ್ರಕ್ಕಿಂತ ಹೆಚ್ಚಿನ ಆಯುಷ್ಯವನ್ನು ಕಲ್ಪಿಸಲು ಯಾವ ಕಾರಣವೂ ನನಗೆ ಕಾಣುವುದಿಲ್ಲ. ಮುಂದಿನ ಲೆಕ್ಕಗಳನ್ನು ಎರಡಕ್ಕೂ ಅನ್ವಯಿಸಿ ನಡೆದರೆ ಸಾಕು.

ಸ್ವತಂತ್ರ ಭಾರತದ ಕೃತಿಸ್ವಾಮ್ಯ ಕಾಯಿದೆ ೧೯೫೭ರಲ್ಲಿ ಅಂಗೀಕೃತವಾಗಿ ೧೯೫೮ರ ಜನವರಿ ೨೧ರಂದು ಜಾರಿಗೆ ಬಂದಿತು. ಅದು ಗಡಿಯಾರವನ್ನೇ ಬದಲಿಸಿತು. ೨೫ನೆಯ ಕಲಮಿನಂತೆ ಛಾಯಾಚಿತ್ರದ ಅವಧಿ ನೆಗೆಟಿವಿನಿಂದಲ್ಲ, ಪ್ರಕಟಣೆಯಿಂದ ಎಣಿಕೆಯಾಗತೊಡಗಿತು: ಪ್ರಕಟವಾದ ವರ್ಷದ ಮುಂದಿನ ವರ್ಷದ ಆರಂಭದಿಂದ ೫೦ ವರ್ಷ. ೧೯೯೨ರ ತಿದ್ದುಪಡಿ ಈ ೫೦ನ್ನು ೬೦ ಮಾಡಿ, ಅದನ್ನು ೧೯೯೧ರ ಡಿಸೆಂಬರ್ ೨೮ರಿಂದಲೇ ಜಾರಿಗೆ ಬಂದಂತೆ ಭಾವಿಸತಕ್ಕದ್ದೆಂದಿತು. ಆ ದಿನಾಂಕಕ್ಕೂ ಒಂದು ಕಾರಣವಿದೆ. ೧೯೪೧ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಸ್ವಾಮ್ಯ ೧೯೯೧ರ ಕೊನೆಯ ದಿನ ಮುಗಿಯುವುದಿತ್ತು. ಅದಕ್ಕೆ ಮೂರು ದಿನ ಮೊದಲು ಅವಧಿ ಹೆಚ್ಚಿತು. ಕವೀಂದ್ರರ ಗ್ರಂಥಗಳ ನೆಪದಿಂದ ಎಷ್ಟೋ ಅನಾಮಿಕ ಛಾಯಾಚಿತ್ರಗಳ ಆಯುಷ್ಯವೂ ಹತ್ತು ವರ್ಷ ಬೆಳೆಯಿತು. ಕಡೆಯದಾಗಿ ೨೦೧೨ರ ತಿದ್ದುಪಡಿ. ಅದೇ ವರ್ಷ ಜೂನ್ ೨೧ರಿಂದ ಜಾರಿಗೆ ಬಂದ ಇದು ೨೫ನೆಯ ಕಲಮನ್ನೇ ತೆಗೆದುಹಾಕಿ, ಛಾಯಾಚಿತ್ರವನ್ನು ಕಾವ್ಯ, ಚಿತ್ರಕಲೆಗಳೊಡನೆ ೨೨ನೆಯ ಕಲಮಿಗೆ ಸೇರಿಸಿತು. ಅದರಂತೆ ಈಗ ಅವಧಿ ಛಾಯಾಗ್ರಾಹಕನ ಜೀವಿತಕಾಲ, ಅವನು ತೀರಿಕೊಂಡ ವರ್ಷದ ಮೇಲೆ ೬೦ ವರ್ಷ.

ಹೀಗೆ ನೂರು ವರ್ಷಗಳಲ್ಲಿ ಮೂರು ಗಡಿಯಾರಗಳಾದವು: ಮೊದಲು ನೆಗೆಟಿವ್, ಬಳಿಕ ಪ್ರಕಟಣೆ, ಈಗ ಛಾಯಾಗ್ರಾಹಕನ ಮರಣ. ಆದರೆ ಒಮ್ಮೆ ಮುಗಿದ ಹಕ್ಕು ಮತ್ತೆ ಹುಟ್ಟುವುದಿಲ್ಲ. ೧೯೫೭ರ ಕಾಯಿದೆಯ ೭೯ನೆಯ ಕಲಂ ಇದನ್ನು ಖಚಿತವಾಗಿ ನುಡಿದಿದೆ; ರದ್ದಾದ ಹಳೆಯ ಕಾಯಿದೆಯಡಿ ಆಗಲೇ ಸ್ವಾಮ್ಯ ಕಳೆದುಕೊಂಡ ಕೃತಿಗೆ ಹೊಸ ಕಾಯಿದೆ ಸ್ವಾಮ್ಯವನ್ನು ಕೊಡದು. ಆದುದರಿಂದ ೧೯೦೮ರ ಜನವರಿಗೆ ಮೊದಲು ತೆಗೆದ ಚಿತ್ರಗಳ ವಿಷಯದಲ್ಲಿ ಚರ್ಚೆಗೆ ಎಡೆಯಿಲ್ಲ. ಅವು ಸಾರ್ವಜನಿಕ ಸ್ವತ್ತು.

೧೯೦೮ರಿಂದ ೧೯೫೮ರವರೆಗಿನ ಚಿತ್ರಗಳಲ್ಲಿ ಎರಡು ವಾದಗಳಿವೆ. ಅವು ಹಳೆಯ ಕಾಯಿದೆಯ ಕೂಸುಗಳು, ಅವುಗಳಿಗೆ ನೆಗೆಟಿವಿನಿಂದ ೫೦ ವರ್ಷವೇ ಸಲ್ಲತಕ್ಕದ್ದು ಎಂಬುದು ಒಂದು ವಾದ. ಇದರಂತೆ ಅವುಗಳಲ್ಲಿ ಕೊನೆಯದರ ಸ್ವಾಮ್ಯವೂ ೨೦೦೮ರ ಜನವರಿಯೊಳಗೆ ತೀರಿಹೋಯಿತು. ಹೊಸ ಕಾಯಿದೆ ಬಂದಾಗ ಜೀವಂತವಾಗಿದ್ದ ಚಿತ್ರಗಳಿಗೆ ಹೊಸ ಅವಧಿಯೂ ದೊರೆಯಿತೆಂಬುದು ಎರಡನೆಯ ವಾದ. ರೂಢಿಯಲ್ಲಿ ಮೊದಲಿನದೇ ಹೆಚ್ಚು ಆಚರಣೆಯಲ್ಲಿದೆ. ೭೯ನೆಯ ಕಲಮಿನ ೫ನೆಯ ಉಪಕಲಂ, ಹಕ್ಕುಳ್ಳವನು ಹೊಸ ಕಾಯಿದೆ ಬರದಿದ್ದರೆ ಎಷ್ಟು ಕಾಲ ಹಕ್ಕುಳ್ಳವನಾಗಿರುತ್ತಿದ್ದನೋ ಅಷ್ಟು ಕಾಲ ಮುಂದುವರಿಯುವನೆಂದು ಹೇಳುವುದು ಅದಕ್ಕೆ ಆಧಾರ. ಆದರೂ ಪ್ರಕಟಿತ ಚಿತ್ರಗಳ ಮಟ್ಟಿಗೆ ಎರಡೂ ವಾದಗಳಿಗೆ ಸಮ್ಮತವಾಗುವ ಒಂದು ಗಡಿಯನ್ನು ಲೆಕ್ಕಹಾಕಿ ತೋರಿಸಬಹುದು. ೧೯೪೦ರಲ್ಲಿ ಪ್ರಕಟವಾದ ಚಿತ್ರದ ೫೦ ವರ್ಷ ೧೯೯೦ರ ಕೊನೆಗೆ ತೀರಿತು. ಅದಕ್ಕೆ ೧೯೯೧ರ ವಿಸ್ತರಣೆ ದೊರೆಯಲಿಲ್ಲ. ೧೯೪೧ರಲ್ಲಿ ಪ್ರಕಟವಾದುದಕ್ಕೆ ದೊರೆಯಿತು. ಅದು ೨೦೦೧ರವರೆಗೆ ಬಾಳಿತು. ಇದೇ ರೀತಿ ೧೯೫೧ರಲ್ಲಿ ಪ್ರಕಟವಾದ ಚಿತ್ರದ ೬೦ ವರ್ಷ ೨೦೧೧ರ ಡಿಸೆಂಬರ್ ೩೧ಕ್ಕೆ ಮುಗಿಯಿತು. ೨೦೧೨ರ ತಿದ್ದುಪಡಿ ಬರುವ ವೇಳೆಗೆ ಅದು ಸಾರ್ವಜನಿಕ ಸ್ವತ್ತಾಗಿತ್ತು. ಆದುದರಿಂದ ೧೯೫೧ರೊಳಗೆ ಪತ್ರಿಕೆಯಲ್ಲಿಯೋ ಗ್ರಂಥದಲ್ಲಿಯೋ ಅಚ್ಚಾದ ಚಿತ್ರವನ್ನು, ಯಾವ ವಾದವನ್ನು ಹಿಡಿದರೂ, ನಿಃಶಂಕೆಯಿಂದ ಬಳಸಬಹುದು. ಧಾರವಾಡ ಹಾಗೂ ಮೈಸೂರು ಸೀಮೆಗಳ ದೇವಾಲಯಗಳನ್ನು ಕುರಿತು ೧೮೬೬ರಲ್ಲಿ ಲಂಡನ್ನಿನಿಂದ ಹೊರಬಂದ, ಮೆಡೋಸ್ ಟೇಲರನ ಬರಹವುಳ್ಳ ಛಾಯಾಚಿತ್ರಸಂಪುಟದಂತಹ ಗ್ರಂಥಗಳ ಚಿತ್ರಗಳನ್ನು ಮುದ್ರಿಸಲು ಇಂದು ಯಾರ ಅಪ್ಪಣೆಯೂ ಬೇಕಾಗಿಲ್ಲ.

ಆದರೆ ಮನೆತನದ ಚಿತ್ರಗಳು ಪ್ರಕಟವಾದುವಲ್ಲ. ನಮ್ಮ ವಿಷಯದ ನಿಜವಾದ ತೊಡಕು ಇರುವುದು ಇಲ್ಲಿಯೇ. ಪ್ರಕಟಣೆಯೆಂದರೆ ಪ್ರತಿಗಳನ್ನು ಹಂಚಿಯೋ ಬೇರೆ ವಿಧದಿಂದಲೋ ಕೃತಿಯು ಸಾರ್ವಜನಿಕರಿಗೆ ದೊರೆಯುವಂತೆ ಮಾಡುವುದು ಎಂದು ೩ನೆಯ ಕಲಮಿನ ಅರ್ಥ. ಮದುವೆಯ ಚಿತ್ರದ ನಾಲ್ಕು ಪ್ರತಿಗಳನ್ನು ಬೀಗರಿಗೆ ಕಳುಹಿಸಿದರೆ ಅದು ಪ್ರಕಟಣೆಯಾಗದು. ೨೨ನೆಯ ಕಲಂ ಕೃತಿಕಾರನ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳ ಮಾತನ್ನು ಮಾತ್ರ ಆಡುತ್ತದೆ. ಮರಣಾನಂತರ ಪ್ರಕಟವಾಗುವ ಕೃತಿಗಳಿಗೆಂದು ೨೪ನೆಯ ಕಲಂ ಇದೆ. ಆದರೆ ಅದು ಸಾಹಿತ್ಯ, ನಾಟಕ, ಸಂಗೀತ ಕೃತಿಗಳನ್ನೂ ಕೆತ್ತನೆಯ ಚಿತ್ರಗಳನ್ನೂ ಹೆಸರಿಸಿ, ಛಾಯಾಚಿತ್ರವನ್ನು ಹೆಸರಿಸದೆ ಬಿಟ್ಟಿದೆ. ಪರಿಣಾಮವಾಗಿ, ೧೯೫೮ರ ನಂತರ ತೆಗೆದು, ಛಾಯಾಗ್ರಾಹಕನು ತೀರಿಕೊಳ್ಳುವವರೆಗೂ ಅಚ್ಚಾಗದೆ ಉಳಿದ ಚಿತ್ರದ ಸ್ವಾಮ್ಯ ಎಂದು ಮುಗಿಯುವುದೆಂದು ಹೇಳುವ ಕಲಮೇ ಕಾಯಿದೆಯಲ್ಲಿಲ್ಲ. ನಾಡಿನ ಮನೆಗಳಲ್ಲಿರುವ ಬಹುಪಾಲು ಚಿತ್ರಗಳ ಸ್ಥಿತಿ ಇದೇ ಆಗಿರುವಾಗ ಈ ಲೋಪ ಸಣ್ಣದಲ್ಲ. ಅಂತಹ ಸ್ವಾಮ್ಯ ಅನಂತವೆಂದು ಶಾಸನಕರ್ತರು ಬಗೆದಿರಲಾರರು. ಅವರು ಮುದ್ರಣಾಲಯದ ಚಿತ್ರಗಳನ್ನು ಕಂಡರು, ಟ್ರಂಕಿನ ಚಿತ್ರಗಳನ್ನು ಕಾಣಲಿಲ್ಲವೆಂದೇ ತೋರುತ್ತದೆ. ಎಚ್ಚರವುಳ್ಳ ಸಂಪಾದಕನು ಇಂತಹ ಚಿತ್ರಕ್ಕೆ ಸ್ವಾಮ್ಯ ಉಳಿದಿದೆಯೆಂದೇ ಭಾವಿಸಿ ಅನುಮತಿ ಪಡೆಯುವುದು ಉಚಿತ.

ಆ ಅನುಮತಿಯನ್ನು ಯಾರಿಂದ ಪಡೆಯಬೇಕು? ಅದೃಷ್ಟವಶಾತ್ ಈ ಭಾಗದಲ್ಲಿ ಕಾಯಿದೆ ಮನೆಯವರ ಪಕ್ಷಪಾತಿಯಾಗಿದೆ. ಛಾಯಾಚಿತ್ರದ ಕೃತಿಕಾರನೆಂದರೆ ಅದನ್ನು ತೆಗೆದವನು, ಸಾಮಾನ್ಯವಾಗಿ ಅವನೇ ಮೊದಲ ಸ್ವಾಮಿ. ಆದರೆ ಒಬ್ಬರ ಕೋರಿಕೆಯ ಮೇರೆಗೆ ಪ್ರತಿಫಲ ಪಡೆದು ತೆಗೆದ ಚಿತ್ರದಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಕೋರಿದವನೇ ಮೊದಲ ಸ್ವಾಮಿಯೆಂದು ೧೭ನೆಯ ಕಲಮಿನ ಎರಡನೆಯ ಖಂಡ ವಿಧಿಸುತ್ತದೆ. ೧೯೧೧ರ ಕಾಯಿದೆಯಲ್ಲಿಯೂ ಇದೇ ನಿಯಮವಿತ್ತು. ಆದುದರಿಂದ ೧೯೩೫ರಲ್ಲಿ ಮನೆಯ ಯಜಮಾನರು ಸಂಸಾರಸಮೇತ ಪಟ್ಟಣದ ಸ್ಟುಡಿಯೋಕ್ಕೆ ಹೋಗಿ, ಬಣ್ಣದ ಪರದೆಯ ಮುಂದೆ ಕುಳಿತು, ಹಣ ಕೊಟ್ಟು ತೆಗೆಸಿದ ಚಿತ್ರದ ಸ್ವಾಮ್ಯ ಮೊದಲಿನಿಂದಲೂ ಯಜಮಾನರದೇ. ಸ್ಟುಡಿಯೋದವನು ಅದನ್ನು ಅಂಗಡಿಯ ಕಿಟಕಿಯಲ್ಲಿ ಜಾಹೀರಾತಿಗೆ ಇಡಬೇಕಾಗಿದ್ದರೂ ಯಜಮಾನರ ಅಪ್ಪಣೆ ಬೇಕಾಗಿತ್ತು. ೧೯೬೫ರ ಮದುವೆಯ ಚಿತ್ರವನ್ನು ಹೆಣ್ಣಿನ ತಂದೆ ಹಣಕೊಟ್ಟು ತೆಗೆಸಿದ್ದರೆ ಸ್ವಾಮ್ಯ ಅವರದು. ಗಂಡಿನ ಮನೆಯ ಗೋಡೆಯ ಮೇಲೆ ತೂಗುತ್ತಿದ್ದರೂ ಅವರದೇ. ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ಹಕ್ಕು ಹೆಣ್ಣಿನ ತಂದೆಯದಾದರೂ ಕೃತಿಕಾರ ಛಾಯಾಗ್ರಾಹಕನೇ. ಚಿತ್ರ ಅವನ ಕಾಲದಲ್ಲಿ ಪ್ರಕಟವಾಗಿದ್ದರೆ ಅವಧಿಯನ್ನು ಎಣಿಸುವುದು ಅವನ ಮರಣದಿಂದ. ಒಂದು ಮನೆಯ ಹಕ್ಕಿನ ಆಯುಷ್ಯವನ್ನು ಇನ್ನೊಂದು ಮನೆಯ ಸೂತಕದಿಂದ ಅಳೆಯುವ ಈ ಏರ್ಪಾಡಿನಿಂದ, ಮುಚ್ಚಿಹೋದ ಸ್ಟುಡಿಯೋದ ಮಾಲೀಕನು ಯಾವ ವರ್ಷ ತೀರಿಕೊಂಡನೆಂದು ಹುಡುಕುತ್ತ ಅಲೆಯಬೇಕಾಗುತ್ತದೆ.

ವೀರಶೈವ ಮನೆತನಗಳಲ್ಲಿ ವಿಶೇಷವಾಗಿ ಕಾಣುವ ಒಂದು ಬಗೆಯ ಚಿತ್ರವನ್ನು ಇಲ್ಲಿ ನೆನೆಯಬೇಕು. ಲಿಂಗೈಕ್ಯರಾದ ಹಿರಿಯರನ್ನು ವಿಭೂತಿ, ಹೂಮಾಲೆಗಳಿಂದ ಅಲಂಕರಿಸಿ, ಕುಳಿತ ಭಂಗಿಯಲ್ಲಿರಿಸಿ, ಸುತ್ತಲೂ ಮಕ್ಕಳು ಮೊಮ್ಮಕ್ಕಳು ನಿಂತು ತೆಗೆಸಿಕೊಂಡ ಕಡೆಯ ಚಿತ್ರ ಅದು. ಹಳ್ಳಿಗಳಲ್ಲಿ ಎಷ್ಟೋ ಹಿರಿಯರಿಗೆ, ವಿಶೇಷವಾಗಿ ತಾಯಂದಿರಿಗೆ, ಬದುಕಿನುದ್ದಕ್ಕೂ ದೊರೆತ ಒಂದೇ ಚಿತ್ರ ಇದಾಗಿರುತ್ತದೆ. ಅದರಲ್ಲಿನ ಮುಖವನ್ನಷ್ಟೇ ಬೇರ್ಪಡಿಸಿ, ಕಣ್ಣು ತೆರೆದಂತೆ ತಿದ್ದಿಸಿ ಭಾವಚಿತ್ರವನ್ನು ಮಾಡಿಸಿದ ಉದಾಹರಣೆಗಳೂ ಇವೆ. ಇದು ಸ್ಪಷ್ಟವಾಗಿ ಕೋರಿ ತೆಗೆಸಿದ ಚಿತ್ರ. ಪಕ್ಕದ ಊರಿನಿಂದ ಛಾಯಾಗ್ರಾಹಕನನ್ನು ಕರೆಸಿ ಹಣಕೊಟ್ಟ ಮಗನು ಇದರ ಮೊದಲ ಸ್ವಾಮಿ. ಕಾಲನಿರ್ಣಯಕ್ಕೂ ಇದರಷ್ಟು ಅನುಕೂಲವಾದ ಚಿತ್ರ ಮತ್ತೊಂದಿಲ್ಲ. ಗದ್ದುಗೆಯ ಕಲ್ಲಿನ ಮೇಲೋ ಮನೆಯ ಲೆಕ್ಕದ ಪುಸ್ತಕದಲ್ಲಿಯೋ ತಿಥಿಸಹಿತ ದಿನ ಬರೆದಿರುತ್ತದೆ. ಆದರೆ ಇಂತಹ ಚಿತ್ರವನ್ನು ಮುದ್ರಿಸುವಾಗ ಕಾಯಿದೆಯ ಅನುಮತಿಯೊಂದೇ ಸಾಲದು. ಮನೆಯವರ ಮನಸ್ಸನ್ನೂ ಕೇಳಬೇಕು.

ಹಣ ಕೊಡದೆ ತೆಗೆದ ಚಿತ್ರಗಳಲ್ಲಿ ಸ್ಥಿತಿ ಬೇರೆ. ಹವ್ಯಾಸಕ್ಕೆಂದು ಕ್ಯಾಮೆರಾ ಕೊಂಡ ಚಿಕ್ಕಪ್ಪನೋ ಸೋದರಮಾವನೋ ತೆಗೆದ ಚಿತ್ರಗಳು ಅವರವೇ. ಅವರ ಕಾಲಾನಂತರ ಅವರ ವಾರಸುದಾರರವು. ಜಾತ್ರೆಯಲ್ಲಿ ಛಾಯಾಗ್ರಾಹಕನು ತಾನಾಗಿಯೇ ಪಲ್ಲಕ್ಕಿ ಉತ್ಸವದ ಇಲ್ಲವೆ ಸ್ವಾಮಿಗಳ ಚಿತ್ರ ತೆಗೆದು ಪ್ರತಿಗಳನ್ನು ಭಕ್ತರಿಗೆ ಮಾರಿದ್ದರೆ, ಕೊಂಡ ಭಕ್ತನಿಗೆ ಪ್ರತಿಯ ಹೊರತು ಬೇರೆ ಹಕ್ಕಿಲ್ಲ; ಚಿತ್ರದಲ್ಲಿರುವ ಮಠಕ್ಕೂ ಇಲ್ಲ. ಶಾಲೆಯ ತರಗತಿಯ ಸಾಮೂಹಿಕ ಚಿತ್ರದಲ್ಲಿ ಕೋರಿದವರು ಮುಖ್ಯೋಪಾಧ್ಯಾಯರು, ಹಣ ಕೊಟ್ಟವರು ವಿದ್ಯಾರ್ಥಿಗಳು. ಕೋರಿಕೆ ಯಾರದೆಂಬುದೇ ನಿರ್ಣಾಯಕವಾದುದರಿಂದ ಅಂತಹ ಚಿತ್ರಕ್ಕೆ ಶಾಲೆಯ ಅನುಮತಿಯನ್ನು ಪಡೆಯುವುದು ಸೂಕ್ತವೆಂದು ನನ್ನ ಎಣಿಕೆ. ಪತ್ರಿಕೆಯ ನೌಕರಿಯಲ್ಲಿದ್ದವನು ಪತ್ರಿಕೆಗಾಗಿ ತೆಗೆದುದರ ಮುದ್ರಣದ ಹಕ್ಕು ಪತ್ರಿಕೆಯ ಒಡೆಯನದು. ಸರಕಾರಿ ಇಲಾಖೆ ತೆಗೆಸಿದುದು ಸರಕಾರದ್ದು. ಅದಕ್ಕೆ ಪ್ರಕಟಣೆಯಿಂದ ೬೦ ವರ್ಷದ ಪ್ರತ್ಯೇಕ ಅವಧಿಯುಂಟು.

ವಾರಸಿನ ಮಾತು ಬಂದುದರಿಂದ ಒಂದು ಅಂಶವನ್ನು ಒತ್ತಿ ಹೇಳಬೇಕಾಗಿದೆ. ಕೃತಿಸ್ವಾಮ್ಯವೂ ಆಸ್ತಿಯೇ. ಉಯಿಲು ಬರೆಯದೆ ತೀರಿಕೊಂಡವನ ಸ್ವಂತ ಆಸ್ತಿ ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಪತ್ನಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸೇರುತ್ತದೆ. ಮನೆ ಹಿಸ್ಸೆಯಾದಾಗ ಗೋಡೆಯ ಚಿತ್ರಗಳು ಸಾಮಾನ್ಯವಾಗಿ ಹಿರಿಯ ಮಗನ ಪಾಲಿಗೆ ಹೋಗುತ್ತವೆ; ಸಂಪಾದಕರು ಅವನೊಬ್ಬನನ್ನು ಕೇಳಿ ತೃಪ್ತರಾಗುತ್ತಾರೆ. ಆದರೆ ಹಕ್ಕು ಬೇರೆ ಊರಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳಲ್ಲಿಯೂ ಹಂಚಿಹೋಗಿರುತ್ತದೆ. ಅವರನ್ನು ಕೇಳುವುದು ಕಾಯಿದೆಯ ಅವಶ್ಯಕತೆ ಮಾತ್ರವಲ್ಲ. ಚಿತ್ರದಲ್ಲಿ ಯಾರು ಯಾರಿದ್ದಾರೆಂಬುದು ನಿಜವಾಗಿ ನೆನಪಿರುವುದೂ ಹೆಚ್ಚಾಗಿ ಅವರಿಗೇ. ಉಯಿಲಿನ ಸಂಗತಿ ಇನ್ನೂ ಸುಲಭ. ಅಪ್ರಕಟಿತ ಕಲಾಕೃತಿಯನ್ನು ಉಯಿಲಿನ ಮೂಲಕ ಒಬ್ಬರಿಗೆ ಕೊಟ್ಟರೆ, ಬೇರೆ ಉದ್ದೇಶ ತೋರದಿದ್ದಲ್ಲಿ, ಉಯಿಲು ಬರೆದವನಲ್ಲಿದ್ದ ಸ್ವಾಮ್ಯವೂ ಅದರೊಡನೆ ಹೋಗುವುದೆಂದು ೨೦ನೆಯ ಕಲಂ ಹೇಳುತ್ತದೆ. ಹೊಲ, ಮನೆ, ಬಂಗಾರಗಳ ಜೊತೆಗೆ ‘ಆಲ್ಬಮ್ ಇಂಥವರಿಗೆ’ ಎಂಬ ಒಂದು ಸಾಲನ್ನು ಬರೆದರೆ ಮುಂದಿನ ಎಷ್ಟೋ ತೊಡಕು ತಪ್ಪುತ್ತದೆ.

ಕಾಲವನ್ನು ತಿಳಿಯುವ ಬಗೆ ಹೇಗೆ? ಚಿತ್ರದ ಮುಖಕ್ಕಿಂತ ಬೆನ್ನು ಹೆಚ್ಚು ಮಾತನಾಡುತ್ತದೆ. ಹಳೆಯ ಚಿತ್ರಗಳನ್ನು ದಪ್ಪ ರಟ್ಟಿಗೆ ಅಂಟಿಸಿ ಕೊಡುತ್ತಿದ್ದರು. ರಟ್ಟಿನ ಕೆಳಗೋ ಹಿಂದೆಯೋ ಸ್ಟುಡಿಯೋದ ಹೆಸರು, ಊರು, ಕೆಲವೊಮ್ಮೆ ನೆಗೆಟಿವಿನ ಕ್ರಮಸಂಖ್ಯೆ ಇರುತ್ತವೆ. ಸುಮಾರು ಎರಡೂವರೆ ಅಂಗುಲ ಅಗಲ, ನಾಲ್ಕು ಅಂಗುಲ ಎತ್ತರದ ಸಣ್ಣ ರಟ್ಟಿನ ಚಿತ್ರಗಳ ಪದ್ಧತಿ ಪ್ಯಾರಿಸ್ಸಿನಲ್ಲಿ ೧೮೫೪ರಲ್ಲಿ ಹುಟ್ಟಿದ್ದು. ‘ಕ್ಯಾಬಿನೆಟ್’ ಎಂಬ ದೊಡ್ಡ ಅಳತೆ ೧೮೬೦ರ ದಶಕದಲ್ಲಿ ಬಂದಿತು. ಇಂತಹ ಚಿತ್ರ ನಿಮ್ಮ ಮನೆಯಲ್ಲಿದ್ದರೆ ಅವಧಿಯ ಚಿಂತೆ ಬಹುತೇಕ ಇಲ್ಲ. ಅಂಚು ಹಲ್ಲುಹಲ್ಲಾಗಿ ಕತ್ತರಿಸಿದ ಸಣ್ಣ ಕಪ್ಪುಬಿಳುಪಿನ ಪ್ರತಿಗಳು ಇಪ್ಪತ್ತನೆಯ ಶತಮಾನದ ನಡುಭಾಗದವು. ಚೌಕಾಕಾರದ ಪ್ರತಿಗಳನ್ನು ಕಂಡರೆ ಸ್ಟುಡಿಯೋಕ್ಕಿಂತ ಮನೆಯವರ ಕ್ಯಾಮೆರಾವನ್ನು ಊಹಿಸಬೇಕು. ಒಂದು ಕಾಲಕ್ಕೆ ಮಧ್ಯಮವರ್ಗದ ಮನೆಗಳಲ್ಲಿ ಪ್ರಚಲಿತವಾಗಿದ್ದ ಆಗ್ಫಾ ಕ್ಲಿಕ್ ಒಂದು ಸುರುಳಿಗೆ ಹನ್ನೆರಡು ಚೌಕ ಚಿತ್ರಗಳನ್ನು ಕೊಡುತ್ತಿತ್ತು. ಹಾಗಾದಲ್ಲಿ ಹಕ್ಕಿನ ಉತ್ತರವೂ ಬದಲಾಗುತ್ತದೆ. ತೆಗೆದವರು ಯಾರೆಂದು ಮನೆಯಲ್ಲಿಯೇ ವಿಚಾರಿಸಬೇಕು. ಪ್ಲಾಸ್ಟಿಕ್ಕಿನ ಲೇಪವುಳ್ಳ ನುಣುಪು ಕಾಗದ ಸುಮಾರು ೧೯೭೦ರ ಈಚಿನದು. ಹಿನ್ನೆಲೆಯಲ್ಲಿ ಗೋಡೆಯ ಕ್ಯಾಲೆಂಡರೋ, ಅಂಗಡಿಯ ಫಲಕವೋ, ‘ಎಂವೈ’ ಎಂದು ಮೊದಲಾಗುವ ಮೋಟಾರಿನ ಸಂಖ್ಯೆಯೋ ಕಂಡರೆ ಭೂತಗನ್ನಡಿ ಹಿಡಿದು ನೋಡತಕ್ಕದ್ದು. ಆ ಅಕ್ಷರಗಳು ಮೈಸೂರು ರಾಜ್ಯದವು, ೧೯೭೩ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಗುವುದಕ್ಕೆ ಹಿಂದಿನವು. ಆದರೆ ಉಡುಗೆ ತೊಡುಗೆಗಳನ್ನು ನೋಡಿ ಕಾಲ ಹೇಳುವವರ ಮಾತನ್ನು ಪೂರ್ತಿ ನಂಬಲಾಗದು. ಸ್ಟುಡಿಯೋಗಳಲ್ಲಿ ಕೋಟು, ಕೈಗಡಿಯಾರ, ಶಾಲುಗಳನ್ನು ಬಾಡಿಗೆಗೋ ಎರವಿಗೋ ಕೊಡುತ್ತಿದ್ದರು. ಪ್ರತಿ ಹೊಸದಾಗಿದ್ದ ಮಾತ್ರಕ್ಕೆ ಚಿತ್ರ ಹೊಸದೆನ್ನಲೂ ಆಗದು. ಹಳೆಯ ಕಾಯಿದೆಯ ಲೆಕ್ಕಕ್ಕೆ ಬೇಕಾದುದು ಮೂಲ ನೆಗೆಟಿವಿನ ವರ್ಷವೇ ಹೊರತು ಪ್ರತಿಯ ವರ್ಷವಲ್ಲ.

ತಿಳಿದುದನ್ನು ಕೂಡಲೇ ಬರೆದಿಡಬೇಕು. ಎಂಬತ್ತು ದಾಟಿದ ಹಿರಿಯರು ಮನೆಯಲ್ಲಿದ್ದರೆ ಅವರೆದುರು ಚಿತ್ರಗಳನ್ನು ಹರಡಿ, ಯಾರು, ಯಾವ ಊರು, ಯಾವ ಸಂದರ್ಭ ಎಂಬುದರ ಜೊತೆಗೆ ‘ಯಾರು ತೆಗೆದರು, ದುಡ್ಡು ಯಾರು ಕೊಟ್ಟರು’ ಎಂಬುದನ್ನೂ ಕೇಳಬೇಕು. ಈ ಕಡೆಯ ಎರಡು ಪ್ರಶ್ನೆಗಳನ್ನು ವಂಶಚರಿತ್ರೆಕಾರರು ಕೇಳಿದ್ದನ್ನು ನಾನು ಕಂಡಿಲ್ಲ. ಆದರೆ ಸ್ವಾಮ್ಯದ ನಿರ್ಣಯ ನಿಂತಿರುವುದು ಅವುಗಳ ಮೇಲೆಯೇ. ಬರೆಯುವುದು ಚಿತ್ರದ ಬೆನ್ನಿನ ಅಂಚಿನಲ್ಲಿ, ಮೆತ್ತನೆಯ ಸೀಸದ ಕಡ್ಡಿಯಿಂದ, ಒತ್ತದೆ. ಬಾಲ್‌ಪೆನ್ನಿನ ಮಸಿ ಚಿತ್ರದ ಮುಖಕ್ಕೆ ಇಳಿಯುತ್ತದೆ.

ಪ್ರತಿಮಾಡಿಕೊಂಡವರ ಹಕ್ಕಿನ ಬಗೆಗೂ ಒಂದು ಮಾತು. ಹಳೆಯ ಚಿತ್ರವನ್ನು ಸ್ಕ್ಯಾನ್ ಮಾಡಿ ಅದರ ಮೇಲೆ ತಮ್ಮ ಸಂಸ್ಥೆಯ ಹೆಸರನ್ನು ಅಚ್ಚೊತ್ತುವವರು ಹೆಚ್ಚುತ್ತಿದ್ದಾರೆ. ಈಸ್ಟರ್ನ್ ಬುಕ್ ಕಂಪನಿ ಹಾಗೂ ಮೋದಕ್ ಎಂಬವರ ನಡುವಿನ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇವಲ ಶ್ರಮ ಮತ್ತು ವೆಚ್ಚದಿಂದ ಕೃತಿಸ್ವಾಮ್ಯ ಹುಟ್ಟದು, ಕೌಶಲ ಮತ್ತು ವಿವೇಚನೆಯೊಡನೆ ಸ್ವಲ್ಪವಾದರೂ ಸೃಜನಶೀಲತೆ ಬೇಕೆಂದು ೨೦೦೭ರ ಡಿಸೆಂಬರಿನಲ್ಲಿ ತೀರ್ಪಿತ್ತಿದೆ. ಅದು ನ್ಯಾಯಾಲಯದ ತೀರ್ಪುಗಳ ಸಂಪಾದನೆಯನ್ನು ಕುರಿತ ವ್ಯಾಜ್ಯ. ಆದರೆ ಅದರ ತತ್ತ್ವವನ್ನು ಹಿಡಿದರೆ ಯಂತ್ರದಿಂದ ಯಥಾವತ್ತಾಗಿ ತೆಗೆದ ಪ್ರತಿಗೆ ಹೊಸ ಸ್ವಾಮ್ಯ ಹುಟ್ಟಲಾರದು. ಹರಿದ ಚಿತ್ರವನ್ನು ಕೈಯಿಂದ ತಿದ್ದಿ ಬಣ್ಣ ತುಂಬಿದಲ್ಲಿ ಆ ಕೆಲಸದ ಮಟ್ಟಿಗೆ ವಾದಕ್ಕೆ ಅವಕಾಶವಿರಬಹುದು, ಮೂಲಚಿತ್ರದ ಮೇಲಲ್ಲ. ಮನೆಯವರು ತಮ್ಮ ಖಾಸಗಿ ಉಪಯೋಗಕ್ಕೆಂದು ಪ್ರತಿ ಮಾಡಿಕೊಳ್ಳುವುದಕ್ಕೆ ೫೨ನೆಯ ಕಲಮಿನಲ್ಲಿ ಅವಕಾಶವಿದೆ. ಲಾಭೋದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿ ಆಗಲೇ ಇರುವ ಪ್ರತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇರಿಸಿಕೊಳ್ಳುವುದಕ್ಕೂ ಅದೇ ಕಲಂ ಎಡೆಗೊಡುತ್ತದೆ. ಗ್ರಂಥಭಂಡಾರಗಳುಳ್ಳ ನಮ್ಮ ಮಠಗಳು ಈ ಸೌಕರ್ಯವನ್ನು ಉಪಯೋಗಿಸಿಕೊಳ್ಳಲು, ಅಂತಹ ಭಂಡಾರವನ್ನು ಸಾರ್ವಜನಿಕರಿಗೆ ತೆರೆದಿರಬೇಕೆಂಬುದನ್ನು ಮರೆಯಬಾರದು.

ಅನುಮತಿ ಬರಹದಲ್ಲಿರಬೇಕು; ಬಾಯಿಮಾತು ಸಾಲದು. ಪತ್ರದಲ್ಲಿ ಚಿತ್ರದ ವಿವರ, ಯಾವ ಗ್ರಂಥಕ್ಕೆ, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ ಎಂಬುದನ್ನು ನಮೂದಿಸುವುದು ಅತ್ಯವಶ್ಯ. ಕಾಲವನ್ನು ಬರೆಯದಿದ್ದರೆ ಐದು ವರ್ಷವೆಂದೂ ಪ್ರದೇಶವನ್ನು ಬರೆಯದಿದ್ದರೆ ಭಾರತವೆಂದೂ ೧೯ನೆಯ ಕಲಂ ಭಾವಿಸುತ್ತದೆ. ಆರನೆಯ ವರ್ಷ ಗ್ರಂಥದ ಎರಡನೆಯ ಮುದ್ರಣ ತರುವ ಸಂಪಾದಕನು ಈ ಐದು ವರ್ಷದ ಮಾತಿನಿಂದ ತೊಂದರೆಗೊಳಗಾಗಬಹುದು. ನಮ್ಮ ಸ್ಮರಣಸಂಚಿಕೆಗಳಲ್ಲಿ ‘ಚಿತ್ರಕೃಪೆ’ ಎಂದು ಪ್ರತಿ ಒದಗಿಸಿದವರ ಹೆಸರನ್ನು ಹಾಕುವ ವಾಡಿಕೆಯಿದೆ. ತೆಗೆದವನ ಹೆಸರು ಇರುವುದಿಲ್ಲ. ಸ್ವಾಮ್ಯವನ್ನು ಬೇರೆಯವರಿಗೆ ಕೊಟ್ಟ ಮೇಲೆಯೂ ತಾನೇ ಕೃತಿಕಾರನೆಂದು ಹೇಳಿಕೊಳ್ಳುವ ಹಕ್ಕು ಅವನಿಗೆ ೫೭ನೆಯ ಕಲಮಿನಿಂದ ಉಳಿದಿರುತ್ತದೆ. ರಟ್ಟಿನ ಮೇಲೆ ಸ್ಟುಡಿಯೋದ ಹೆಸರಿದ್ದರೆ ಅದನ್ನು ಕತ್ತರಿಸಿ ಮುದ್ರಿಸುವುದು ಯಾವ ದೃಷ್ಟಿಯಿಂದಲೂ ಸರಿಯಲ್ಲ. ಇನ್ನು ತಮ್ಮ ಚಿತ್ರಗಳನ್ನು ಎಲ್ಲರೂ ಬಳಸಲೆಂದು ಬಯಸುವ ಸ್ವಾಮ್ಯದಾರರು, ರಿಜಿಸ್ಟ್ರಾರರಿಗೆ ತಿಳಿಸಿಯೋ ಸಾರ್ವಜನಿಕ ಪ್ರಕಟಣೆ ಕೊಟ್ಟೋ ಹಕ್ಕನ್ನು ಬಿಟ್ಟುಕೊಡಲು ೨೧ನೆಯ ಕಲಂ ದಾರಿ ತೋರಿಸಿದೆ.

ಎಷ್ಟು ಹುಡುಕಿದರೂ ಸ್ವಾಮ್ಯದಾರರು ದೊರೆಯದ ಚಿತ್ರಗಳು ಉಳಿಯುತ್ತವೆ. ಅವುಗಳಿಗೆಂದು ೩೧ಎ ಕಲಂ ಇದೆ. ಕೃತಿಕಾರ ತೀರಿಕೊಂಡಿದ್ದರೆ, ಅಜ್ಞಾತನಾಗಿದ್ದರೆ, ಸ್ವಾಮ್ಯದಾರ ಪತ್ತೆಯಾಗದಿದ್ದರೆ, ಪ್ರಕಟಿಸಬಯಸುವವನು ಪರವಾನಗಿಗೆ ಅರ್ಜಿ ಸಲ್ಲಿಸಬಹುದು. ಮೊದಲು ಕೃತಿಸ್ವಾಮ್ಯ ಮಂಡಲಿ ಇವುಗಳನ್ನು ವಿಚಾರಿಸುತ್ತಿತ್ತು. ೨೦೧೭ರಲ್ಲಿ ಅದು ಬೌದ್ಧಿಕ ಸ್ವತ್ತಿನ ಮೇಲ್ಮನವಿ ಮಂಡಲಿಯಲ್ಲಿ ವಿಲೀನವಾಯಿತು. ೨೦೨೧ರಲ್ಲಿ ಆ ಮಂಡಲಿಯೂ ರದ್ದಾಗಿ ಕೆಲಸ ನ್ಯಾಯಾಲಯಗಳಿಗೆ ಬಂದಿದೆ. ಅರ್ಜಿಗೆ ಮೊದಲು ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆಯೊಂದರಲ್ಲಿ ಪ್ರಕಟಣೆ ಕೊಡಬೇಕು. ನಿಗದಿಯಾದ ರಾಯಧನವನ್ನು ಠೇವಣಿ ಇಡಬೇಕು. ಐನೂರು ಪ್ರತಿಗಳ ಊರಿನ ಇತಿಹಾಸವನ್ನು ವಂತಿಗೆಯಿಂದ ಅಚ್ಚುಹಾಕಿಸುವ ನಿವೃತ್ತ ಉಪಾಧ್ಯಾಯರೊಬ್ಬರು, ಹಳ್ಳಿಯ ಜಾತ್ರೆಯ ಒಂದು ಚಿತ್ರಕ್ಕಾಗಿ ಇಷ್ಟೆಲ್ಲ ಮಾಡುವರೆಂದು ನಿರೀಕ್ಷಿಸುವುದು ವ್ಯವಹಾರಜ್ಞಾನವಲ್ಲ. ಬ್ರಿಟನ್ನಿನಲ್ಲಿ ೨೦೧೪ರಿಂದ ಇಂತಹ ಅನಾಥ ಕೃತಿಗಳಿಗೆ ಸರಕಾರಿ ಕಚೇರಿಯೇ ನೇರವಾಗಿ ಪರವಾನಗಿ ಕೊಡುವ ಏರ್ಪಾಡಿದೆ. ನಮ್ಮಲ್ಲಿ ಅದು ಬರುವವರೆಗೆ ಸಂಪಾದಕರು ಮಾಡಬಹುದಾದುದು ಇಷ್ಟು: ಯಾರು ಯಾರನ್ನು ಕೇಳಿದೆವು, ಯಾವ ಸ್ಟುಡಿಯೋದ ವಿಳಾಸಕ್ಕೆ ಯಾವ ದಿನ ಪತ್ರ ಬರೆದೆವು, ಏನು ಉತ್ತರ ಬಂದಿತು ಎಂಬುದರ ದಾಖಲೆಯನ್ನು ಇಟ್ಟುಕೊಳ್ಳುವುದು, ಚಿತ್ರದ ಕೆಳಗೆ ‘ಛಾಯಾಗ್ರಾಹಕರ ವಿವರ ದೊರೆತಿಲ್ಲ, ತಿಳಿದವರು ತಿಳಿಸಬೇಕು’ ಎಂದು ಅಚ್ಚುಹಾಕಿಸುವುದು. ಇದರಿಂದ ಕಾಯಿದೆಯ ಹೊಣೆ ಪೂರ್ತಿ ಇಳಿಯುವುದಿಲ್ಲ. ಆದರೆ ವ್ಯಾಜ್ಯ ಬಂದರೆ ಕದ್ದು ಮುದ್ರಿಸಿದವನಿಗೂ ಹುಡುಕಿ ಸಿಗದೆ ಮುದ್ರಿಸಿದವನಿಗೂ ನಡುವಣ ಅಂತರವನ್ನು ತೋರಿಸಲು ಆ ದಾಖಲೆ ಇರುತ್ತದೆ; ಎಷ್ಟೋ ಸಲ ಅಂತಹ ಅಡಿಬರಹವನ್ನು ಓದಿದ ದೂರದ ಊರಿನ ಮೊಮ್ಮಗನೊಬ್ಬನು ‘ಅದು ನಮ್ಮ ಅಜ್ಜ ತೆಗೆದದ್ದು’ ಎಂದು ಕಾಗದ ಬರೆಯುವುದೂ ಉಂಟು.